ನುಣುಪು

ಶಿಡ್ಲಘಟ್ಟದ ಸೊಸೈಟಿಯಲ್ಲಿ ಯಂತ್ರ ಹಿಡಿದು ಕೂರುವವನು ನಾನು.
ಅಂಗೈ ಅಗಲದ ಯಂತ್ರ, ಅದಕ್ಕೊಂದು ಗಾಜಿನ ಕಣ್ಣು,
ಹಸಿರಾದರೆ ಉಂಟು, ಕೆಂಪಾದರೆ ಇಲ್ಲ.
ಇಷ್ಟಕ್ಕೆ ಬಿ.ಕಾಂ. ಬೇಕಿರಲಿಲ್ಲ.

ಪ್ಯಾರಿಜಾನ್ ಬರುವುದು ಫಿಲೇಚರ್ ಬಿಟ್ಟ ಮೇಲೆ, ಸಂಜೆ ಆರರ ಹೊತ್ತಿಗೆ.
ಅವಳಿಗಿಂತ ಮೊದಲು ವಾಸನೆ ಬರುತ್ತದೆ,
ಬೆಂದ ಹುಳದ್ದು.
ಸಾಲು ತಾನಾಗಿ ಸರಿದು
ಅವಳ ಸುತ್ತ ಒಂದು ಮಾರು ಜಾಗ ಬಿಡುತ್ತದೆ.
ಮೂಗಿಗೆ ಸೆರಗು ಹಿಡಿದವರ ಬೀರುವಿನಲ್ಲೂ
ಮದುವೆಯ ಸೀರೆ ಇದ್ದೇ ಇದೆ.
ನೂಲಾಗಿ, ಬಣ್ಣ ಹತ್ತಿ, ಜರಿಯಂಚು ಕೂತ ಮೇಲೆ
ಹುಳ ನಾರುವುದಿಲ್ಲ.
ಆಗ ಅದು ಮಡಿ.

ಹೆಬ್ಬೆಟ್ಟು ಇಡುತ್ತಾಳೆ. ಕೆಂಪು.
ತಲೆಗೂದಲಿಗೆ ಉಜ್ಜಿ, ಎಣ್ಣೆಯ ಜಿಡ್ಡು ಹತ್ತಿಸಿ ಇಡುತ್ತಾಳೆ. ಕೆಂಪು.
ತೋರುಬೆರಳು, ನಡುಬೆರಳು, ಎಡಗೈ.
'ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಅನ್ನುತ್ತದೆ ಯಂತ್ರ
ಯಾವುದೋ ಊರಿನ ಹೆಣ್ಣುದನಿಯಲ್ಲಿ.
ಅಲ್ಲಿ ಅವಳನ್ನು ಬಹುವಚನದಲ್ಲಿ ಮಾತಾಡಿಸುವುದು
ಅದೊಂದೇ.

ಹತ್ತೊಂಬತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದ ಬೆರಳು.
ಒಂದು ಗೂಡಿಗೆ ಸಾವಿರ ಗಜ ನೂಲು ಅನ್ನುತ್ತಾರೆ.
ಅದರ ಜೊತೆಗೇ ಇವಳ ಗೆರೆಗಳೂ ಬಿಚ್ಚಿಕೊಂಡು
ಚರಕಕ್ಕೆ ಸುತ್ತಿ ಹೋಗಿರಬೇಕು.
ಯಾರ ಮೈಮೇಲಿದೆಯೋ ಈಗ ಇವಳ ಗುರುತು.
ಗಾಜಿನ ಮೇಲೆ ಸರಿಯಾಗಿ ಕೂರಿಸೋಣವೆಂದು
ಒಮ್ಮೆ ಆ ಹೆಬ್ಬೆಟ್ಟು ಹಿಡಿದೆ.
ಸವೆದ ನಾಕಾಣೆಯ ಹಾಗಿತ್ತು,
ರಾಜನ ಮುಖವೂ ಇಲ್ಲ, ಇಸವಿಯೂ ಇಲ್ಲ.

'ಬೆರಳೇ ಇಲ್ದೋರಿಗೆ ಅಕ್ಕಿ ಕೊಟ್ರೆ ನನ್ನ ಲೈಸೆನ್ಸ್ ಉಳೀತೈತಾ?'
ವೆಂಕಟರೋಣಪ್ಪ ಕಡಲೆಕಾಯಿ ಸುಲಿಯುತ್ತ ಕೇಳುತ್ತಾನೆ, ಯಾರನ್ನೂ ನೋಡದೆ.
'ಎಲ್ಲಿಂದ ಬಂದೋರೋ ಏನೋ. ಸರ್ವರಿಗೆ ಗೊತ್ತಾಗಲ್ವಾ?'
ಸಾಲಿನಲ್ಲಿ ಒಂದೆರಡು ನಗು.
ಅವಳ ತಾತನನ್ನು ಹೂತಿರುವುದು ಇದೇ ಊರ ಕೆರೆಯ ಹಿಂದೆ.

ಗೋಡೆಗೆ ಸುತ್ತೋಲೆ ಅಂಟಿಸಿದೆ:
ಬೆರಳಚ್ಚು ಬಾರದವರಿಗೆ ರಿಜಿಸ್ಟರಿನಲ್ಲಿ ನಮೂದಿಸಿ ವಿತರಿಸತಕ್ಕದ್ದು.
ರಿಜಿಸ್ಟರು ಅವನ ಮೇಜಿನ ಖಾನೆಯಲ್ಲಿ.
ಅದರೊಳಗೆ ಅವನ ಅತ್ತೆ ಇದ್ದಾಳೆ.
ಸತ್ತು ನಾಲ್ಕು ವರ್ಷ, ತಿಂಗಳು ತಪ್ಪದೆ ಅಕ್ಕಿ ಒಯ್ಯುತ್ತಾಳೆ.
ಬರೆಯುವವನು ನಾನೇ.
ಅಕ್ಷರ ಬಲು ದುಂಡಗಿದೆಯೆಂದು ಬೆನ್ನು ತಟ್ಟುತ್ತಾನೆ.

ಪ್ಯಾರಿಜಾನ್ ಒಂದೇ ಸಲ ನನ್ನ ಹತ್ತಿರ ಮಾತಾಡಿದ್ದು,
ಮೆಟ್ಟಿಲ ಮೇಲೆ ಖಾಲಿ ಚೀಲ ಮಡಚುತ್ತ:
'ನಮ್ಮಪ್ಪಂದು ಅರ್ಧ ಎಕರೆ ಇತ್ತು, ಹಿಪ್ಪುನೇರಳೆ ತೋಟ.
ರಾತ್ರಿ ಹತ್ತು ಗಂಟೆಗೆ ಬಂದು, ಮಸಿ ಬಳಿದು, ಒತ್ತಿಸ್ಕೊಂಡು ಹೋದ್ರು.
ಆವತ್ತು ಒಂದೇ ಸಲಕ್ಕೆ ಬಂತಣ್ಣ, ಬೆರಳು.'
ಯಾರು ಒತ್ತಿಸಿಕೊಂಡದ್ದು ಅಂತ ನಾನು ಕೇಳಲಿಲ್ಲ.
ಅವಳು ಒಳಗೆ ನೋಡುತ್ತಿದ್ದಳು,
ನೆಲದ ತುಂಬ ಚೆಲ್ಲಿದ ಕಡಲೆಕಾಯಿ ಸಿಪ್ಪೆಯ ಕಡೆ.

ಮೊನ್ನೆ ಅವನು ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದ,
ಬೀಗದ ಕೈ ಮರೆತು.
ಖಾನೆ ತೆಗೆದೆ.
ಅತ್ತೆಯ ಹೆಸರಿನ ಕೆಳಗೆ ಇವಳದನ್ನು ಬರೆದೆ,
ಅಕ್ಷರ ಅಡ್ಡಾದಿಡ್ಡಿ ಬಂತು, ಒಂದು ಕಡೆ ಕಾಗದವೂ ಹರಿಯಿತು.
ನಾಲ್ಕು ತಲೆಗೆ ಇಪ್ಪತ್ತು ಕೆಜಿ ತೂಗಿ ಸುರಿದೆ.
ಕೈ ಮುಗಿಯುತ್ತಾಳೆ ಅಂದುಕೊಂಡಿದ್ದೆ,
ಸುಳ್ಳು ಯಾಕೆ ಹೇಳಲಿ.
ಅವಳು ಚೀಲದ ಬಾಯಿ ಕಟ್ಟಿದಳು, ಗಂಟು ಎಳೆದು ನೋಡಿದಳು.
'ಹೋದ ತಿಂಗಳದು?' ಅಂದಳು.
'ಅದರ ಹಿಂದಿನದು?'

ಅವಳು ಹೋದ ಮೇಲೂ ವಾಸನೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.
ಮಾಡಲು ಏನೂ ತೋಚದೆ ಯಂತ್ರದ ಗಾಜು ಒರೆಸುತ್ತ ಕೂತೆ.
ಒರೆಸಿದಷ್ಟೂ ಅದರ ಮೇಲೆ ನನ್ನದೇ ಹೆಬ್ಬೆಟ್ಟು ಮೂಡುತ್ತಿತ್ತು,
ಒಂದೊಂದು ಗೆರೆಯೂ
ಎಣಿಸುವಷ್ಟು ಸ್ಪಷ್ಟ.